ಚೀಲ ಹೇರುವಾಗ ಕಾಣದ ವಯಸ್ಸು

ಮಾನ್ವಿ ತಾಲ್ಲೂಕಿನಲ್ಲಿ ಭತ್ತದ ನಾಟಿ ಮುಗಿದು ಗೊಬ್ಬರ ಚೆಲ್ಲುವ ದಿನಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಯಾವುದಾದರೂ ಉಪಕಾಲುವೆಯ ದಂಡೆ ಮೇಲೆ ಬೆಳಿಗ್ಗೆ ಅರ್ಧ ತಾಸು ನಿಲ್ಲಿ. ಅರವತ್ತೈದು ದಾಟಿದ ರೈತರು ಟಿವಿಎಸ್ ಎಕ್ಸ್‌ಎಲ್ ಮೇಲೆ ಒಬ್ಬರ ಹಿಂದೊಬ್ಬರು ಬರುತ್ತಾರೆ. ಕಾಲಿಡುವ ಜಾಗದಲ್ಲಿ ಒಂದು ಯೂರಿಯಾ ಚೀಲ, ಹಿಂದಿನ ಸೀಟಿನ ಮೇಲೆ ಇನ್ನೊಂದು. ಒಂದೊಂದು ಚೀಲ 45 ಕಿಲೊ. ಎರಡು ಸೇರಿದರೆ ಗಾಡಿಯ ತೂಕದಷ್ಟೇ ಆಯಿತು. ಮೊಣಕಾಲು ಅಗಲಿಸಿಕೊಂಡು, ಚಪ್ಪಲಿಯ ತುದಿಯನ್ನು ಚೀಲದ ಅಂಚಿಗೆ ಊರಿಕೊಂಡು, ಎರೆಮಣ್ಣಿನ ಜಾರಿನಲ್ಲಿ ಹ್ಯಾಂಡಲ್ ಬಿಗಿ ಹಿಡಿದು ಹೋಗುತ್ತಾರೆ. ತಲೆಗೆ ಟವೆಲ್ ಇದೆ, ಹೆಲ್ಮೆಟ್ ಇಲ್ಲ. ‘ಮುತ್ಯಾ, ಈ ವಯಸ್ಸಿನ್ಯಾಗ ಗಾಡಿ ಬ್ಯಾಡ, ಇಳಿ’ ಎಂದು ಯಾರೂ ಅವರನ್ನು ತಡೆಯುವುದಿಲ್ಲ.

ಅದೇ ವಾರಿಗೆಯ ಇನ್ನೊಬ್ಬರು, ಹೈಸ್ಕೂಲ್ ಮಾಸ್ತರಾಗಿ ನಿವೃತ್ತರಾದವರೋ, ಹೊಲ ಮಕ್ಕಳಿಗೆ ಬಿಟ್ಟುಕೊಟ್ಟವರೋ, ರಾಯಚೂರಿಗೆ ಹೋಗಿ ಒಂದು ಹಿಮಾಲಯನ್ ಟೂರಿಂಗ್ ಬೈಕು ಬುಕ್ ಮಾಡಿ, ‘ದೀಪಾವಳಿ ಕಳೆದ ಮೇಲೆ ಹಂಪಿ, ಬಾದಾಮಿ ಕಡೆ ಒಂದು ಸುತ್ತು ಹೋಗಿ ಬರ್ತೀನಿ’ ಅಂದರೆ ಇಡೀ ಮನೆ ಎದ್ದು ನಿಲ್ಲುತ್ತದೆ. ಮಗ ಬೆಂಗಳೂರಿನಿಂದ ಫೋನ್ ಮಾಡುತ್ತಾನೆ. ಬೀಗರು ಬಂದು ಬುದ್ಧಿ ಹೇಳುತ್ತಾರೆ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಓಣಿಯ ತುಂಬ ಓಡಾಡುತ್ತದೆ. ಟೂರಿಂಗ್ ಬೈಕು ಹುಡುಗರದ್ದು, ವಯಸ್ಸಾದವರಿಗೆ ಸ್ಕೂಟರ್ ಸಾಕು ಎಂಬುದು ಈಗ ನಮ್ಮ ಭಾಗದಲ್ಲಿ ಯಾರೂ ಪ್ರಶ್ನೆ ಮಾಡದ ತೀರ್ಪಾಗಿದೆ.

ಈ ತೀರ್ಪು ತಪ್ಪು. ಸುರಕ್ಷತೆಯ ಹೆಸರಿನಲ್ಲಿ ಹೇಳುವ ಈ ಮಾತಿನ ಒಳಗೆ ಸುರಕ್ಷತೆಯ ಚಿಂತೆ ಇಲ್ಲ. ಇದ್ದಿದ್ದರೆ ಮೊದಲು ತಡೆಯಬೇಕಾದದ್ದು ಆ ಎರಡು ಚೀಲದ ಎಕ್ಸ್‌ಎಲ್ ಅನ್ನು. ಮನೆಗೆ ದುಡಿಯಲು ಹೊರಟಾಗ ಲೆಕ್ಕಕ್ಕೆ ಬಾರದ ವಯಸ್ಸು, ಮನುಷ್ಯ ತನ್ನ ಸಂತೋಷಕ್ಕೆ ಹೊರಟಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಿರಿಯರು ಸುಖಪಡುವುದು ನಮ್ಮ ಕಣ್ಣಿಗೆ ಸರಿಕಾಣುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಬೈಕ್ ಓಡಿಸಲು ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಕೆಳಗಿನ ವಯೋಮಿತಿ ಇದೆ, ಮೇಲಿನ ವಯೋಮಿತಿ ಇಲ್ಲ. 2019ರ ತಿದ್ದುಪಡಿಯ ನಂತರ 55 ದಾಟಿದವರಿಗೆ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಅದಕ್ಕೆ ನಮೂನೆ 1ಎ ಯಲ್ಲಿ ವೈದ್ಯರ ಪ್ರಮಾಣಪತ್ರ ಬೇಕು. ಅಂದರೆ ಕಾನೂನು ಕೇಳುವುದು ಕಣ್ಣು ಕಾಣುತ್ತದೆಯೇ, ಕೈಕಾಲು ಆಡುತ್ತವೆಯೇ ಎಂದು. ಹುಟ್ಟಿದ ವರ್ಷ ನೋಡಿ ಗಾಡಿ ಕಸಿದುಕೊಳ್ಳುವುದಿಲ್ಲ. ಆ ಪ್ರಮಾಣಪತ್ರವನ್ನು ನಾವು ಪರೀಕ್ಷೆಯೇ ಇಲ್ಲದೆ ಸಹಿ ಹಾಕಿಸಿಕೊಂಡು ಬರುತ್ತೇವೆ ಎಂಬುದು ಬೇರೆ ಮಾತು. ಅದು ನಿಜವಾದ ಅಪಾಯ, ಅದರ ಬಗ್ಗೆ ಯಾವ ಬೀಗರೂ ಬುದ್ಧಿ ಹೇಳಲು ಬರುವುದಿಲ್ಲ.

ಇನ್ನು ಅಪಘಾತದ ಮಾತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದವರು. ಆ ವಯಸ್ಸಿನವರು ಹೆಚ್ಚು ಓಡಾಡುತ್ತಾರೆ, ಆದ್ದರಿಂದ ಹೆಚ್ಚು ಸಾಯುತ್ತಾರೆ ಎಂದು ಯಾರಾದರೂ ಹೇಳಬಹುದು, ಅದು ಸರಿಯಾದ ಮಾತೇ. ಆದರೆ ಸಾವಿಗೆ ಮೊದಲ ಕಾರಣವೆಂದು ಅದೇ ವರದಿ ಹೇಳುವುದು ಅತಿವೇಗವನ್ನು. ಹತ್ತರಲ್ಲಿ ಏಳು ಸಾವು ಅದರಿಂದಲೇ.

ಇದಕ್ಕೆ ಎದುರು ಪಕ್ಷದವರು ಅಮೆರಿಕದ ಉದಾಹರಣೆ ಕೊಡುತ್ತಾರೆ: ಅಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಸಾಯುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಲವತ್ತು ದಾಟಿದವರು. ಒಪ್ಪುತ್ತೇನೆ. ಆದರೆ ಅಲ್ಲಿ ಕಾಲೇಜು ದಿನಗಳಲ್ಲಿ ಬೈಕ್ ಓಡಿಸಿ, ಆಮೇಲೆ ಇಪ್ಪತ್ತು ವರ್ಷ ಕಾರಿನಲ್ಲೇ ಕಳೆದು, ಐವತ್ತಕ್ಕೆ ಮತ್ತೆ ದೊಡ್ಡ ಗಾಡಿ ಏರುವವರು ಬಹಳ. ಮಧ್ಯದ ಆ ಖಾಲಿ ವರ್ಷಗಳೇ ಅವರಿಗೆ ಮುಳುವಾಗುವುದು. ಸಿರವಾರದ ಮಾಸ್ತರಿಗೂ ಗಬ್ಬೂರಿನ ರೈತರಿಗೂ ಅಂಥ ಖಾಲಿ ವರ್ಷ ಇಲ್ಲ. ಅವರು ರಾಜದೂತ್ ಓಡಿಸಿದರು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿ ಓಡಿಸಿದರು, 1985ರ ನಂತರ ಹೀರೊ ಹೊಂಡಾ ಸಿಡಿ 100 ಕೊಂಡರು, ಆಮೇಲೆ ಸ್ಪ್ಲೆಂಡರ್. ಮದುವೆಯ ಮಾರನೇ ದಿನವೂ ಗಾಡಿ ಹತ್ತಿದರು, ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ಗಾಡಿಯಲ್ಲೇ ಊರಿಗೆ ಓಡಿದರು. ನಲವತ್ತು ವರ್ಷ ಒಂದು ದಿನವೂ ಬಿಡದೆ ಎರಡು ಚಕ್ರದ ಮೇಲೆ ಬದುಕಿದವರಿಗೆ, ಅಮೆರಿಕದ ಅಂಕಿ ತೋರಿಸಿ ನಿನಗೆ ಬರುವುದಿಲ್ಲ ಎನ್ನುವುದು ಅನ್ಯಾಯ.

ವಯಸ್ಸಾದಂತೆ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂಬುದು ದಿಟ. ಅದನ್ನು ಲೆಕ್ಕ ಹಾಕಿಯೇ ನೋಡೋಣ. ಒಣ ರಸ್ತೆ, ಒಳ್ಳೆಯ ಬ್ರೇಕು ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಯುವಕ ಎದುರಿಗೆ ಎಮ್ಮೆ ಕಂಡು ಒಂದು ಸೆಕೆಂಡಿನಲ್ಲಿ ಬ್ರೇಕ್ ಹಿಡಿದರೂ ಅಷ್ಟರಲ್ಲಿ ಸುಮಾರು 17 ಮೀಟರ್ ಬಂದಿರುತ್ತಾನೆ, ನಿಲ್ಲುವುದಕ್ಕೆ ಇನ್ನೂ 23 ಮೀಟರ್ ಬೇಕು. ಒಟ್ಟು 40. ಗಂಟೆಗೆ 50ರಲ್ಲಿ ಬರುವ ಹಿರಿಯರು ಅರ್ಧ ಸೆಕೆಂಡು ತಡವಾಗಿ ಬ್ರೇಕ್ ಹಿಡಿಯಲಿ. 21 ಮೀಟರ್ ಹೋಗಿ, ಮತ್ತೆ 16 ಮೀಟರಿನಲ್ಲಿ ನಿಲ್ಲುತ್ತಾರೆ. ಒಟ್ಟು 37. ಅರ್ಧ ಸೆಕೆಂಡಿನ ಮುಪ್ಪನ್ನು ಹತ್ತು ಕಿಲೋಮೀಟರಿನ ತಾಳ್ಮೆ ತುಂಬಿಕೊಡುತ್ತದೆ. ಆ ತಾಳ್ಮೆ ಯಾರ ಹತ್ತಿರ ಹೆಚ್ಚು ಎಂದು ರಾಯಚೂರಿನ ಬಸವೇಶ್ವರ ವೃತ್ತದಲ್ಲಿ ಹತ್ತು ನಿಮಿಷ ನಿಂತವರಿಗೆ ಹೇಳಬೇಕಾಗಿಲ್ಲ.

ಗಾಡಿಗಳು ಬದಲಾಗಿರುವುದನ್ನೂ ಈ ತೀರ್ಪು ಕೊಡುವವರು ಗಮನಿಸಿಲ್ಲ. ದೊಡ್ಡ ಬೈಕು ಅಂದರೆ ಅವರ ಮನಸ್ಸಿನಲ್ಲಿರುವುದು ಹಳೆಯ ಬುಲೆಟ್: ಕಿಕ್ ಹೊಡೆದರೆ ತಿರುಗಿ ಕಾಲಿಗೇ ಹೊಡೆಯುವ, ಡ್ರಮ್ ಬ್ರೇಕಿನ, ಸಂಜೆಯಾದರೆ ಮಂಕು ದೀಪದ ಬುಲೆಟ್. ಅದು ಅರವತ್ತರ ಮೊಣಕಾಲಿಗೆ ಕಷ್ಟವೇ ಆಗಿತ್ತು. ಈಗ ಬಟನ್ ಒತ್ತಿದರೆ ಸ್ಟಾರ್ಟ್. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಹಿಂಡಿದರೂ ಮುಂದಿನ ಚಕ್ರ ಕಚ್ಚಿಕೊಂಡು ಗಾಡಿ ಜಾರುವುದಿಲ್ಲ. ಗಾಬರಿ ಬೀಳುವ ಹಿರಿಯ ಕೈಗೆ ಇದಕ್ಕಿಂತ ಉಪಕಾರ ಬೇರೆ ಏನಿದೆ? ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇತ್ತು. ಅದರ ಮೇಲೆ ಕಲಿತು ಅದನ್ನೇ ಓಡಿಸಿದವರು ಹೊಸ ಗಾಡಿ ತೆಗೆದುಕೊಂಡರೆ ತಿಂಗಳುಗಟ್ಟಲೆ ಖಾಲಿ ರಸ್ತೆಯಲ್ಲಿ ಕಾಲಿಗೆ ಹೊಸ ಪಾಠ ಕಲಿಸಬೇಕು. ತುರ್ತಿನಲ್ಲಿ ಕಾಲು ಹಳೆಯದನ್ನೇ ಹುಡುಕುತ್ತದೆ.

‘ವಯಸ್ಸಾದವರಿಗೆ ಸ್ಕೂಟರ್ ಸಾಕು’ ಎಂಬ ಮಾತನ್ನು ನಾನು ಎಲ್ಲಕ್ಕಿಂತ ಹೆಚ್ಚು ವಿರೋಧಿಸುತ್ತೇನೆ, ಏಕೆಂದರೆ ಅದು ಕೇಳಲು ಕಾಳಜಿಯಂತಿದೆ. ಊರೊಳಗೆ, ಗಂಜ್‌ಗೆ, ಬ್ಯಾಂಕಿಗೆ ಸ್ಕೂಟರ್ ಒಳ್ಳೆಯದೇ. ಆದರೆ ದೇವದುರ್ಗದ ಕಡೆಯ ಹಳ್ಳಿ ರಸ್ತೆಗೆ ಬನ್ನಿ. ಮಳೆಗಾಲ ಕಳೆದ ಮೇಲೆ ಡಾಂಬರು ಎದ್ದು ಹೋದ ಗುಂಡಿ, ಅದರ ಅಂಚು ಚಾಕುವಿನಂತೆ ನಿಂತಿರುತ್ತದೆ. ಆಕ್ಟಿವಾದ ಮುಂದಿನ ಚಕ್ರ 12 ಇಂಚು, ಹಿಂದಿನದು 10. ಅಂಥ ಸಣ್ಣ ಚಕ್ರ ಗುಂಡಿಯ ಒಳಗೆ ಇಳಿದುಬಿಡುತ್ತದೆ, ಎದುರಿನ ಅಂಚಿಗೆ ಬಡಿದು ಹ್ಯಾಂಡಲ್ ಕೈತಪ್ಪುತ್ತದೆ. ಹಿಮಾಲಯನ್‌ನ ಮುಂದಿನ ಚಕ್ರ 21 ಇಂಚು. ಅದೇ ಗುಂಡಿಯ ಮೇಲೆ ದಾಟಿಕೊಂಡು ಹೋಗುತ್ತದೆ. ಸವಾರನ ವಯಸ್ಸು ಎಷ್ಟಾದರೂ ಈ ವ್ಯತ್ಯಾಸ ಬದಲಾಗುವುದಿಲ್ಲ, ಬಿದ್ದರೆ ಬೇಗ ಮೂಳೆ ಮುರಿಯುವ ವಯಸ್ಸಿನವರಿಗೆ ಅದು ಇನ್ನೂ ಮುಖ್ಯ. ಯಾರು ಬೀಳಬಾರದೋ ಅವರಿಗೇ ಬೀಳಿಸುವ ಚಕ್ರವನ್ನು ಕೊಟ್ಟು ನಾವು ನೆಮ್ಮದಿಯಾಗಿದ್ದೇವೆ.

ಷೋರೂಮಿನವರ ಸಲಹೆಯೂ ಹೀಗೆಯೇ ಅರ್ಧ ಸತ್ಯ. ನರೆತ ಕೂದಲು ಕಂಡ ಕೂಡಲೇ ಕ್ರೂಸರ್ ತೋರಿಸುತ್ತಾರೆ. ‘ಸರ್, ಮಿಟಿಯಾರ್ ತಗೋರಿ, ಸೀಟು ಕೆಳಗ ಐತಿ, ಆರಾಮ್ ಕುಂದ್ರಬಹುದು.’ ಸೀಟಿನ ಎತ್ತರ 765 ಮಿ.ಮೀ., ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆ, ಅದು ದೊಡ್ಡ ಅನುಕೂಲ. ಆದರೆ ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ. ಗುಂಡಿ ಬಂದಾಗ ಕಾಲ ಮೇಲೆ ಭಾರ ಹಾಕಿ ಸೊಂಟ ಎತ್ತಲು ಆಗುವುದಿಲ್ಲ. ಬಿದ್ದ ಪೆಟ್ಟೆಲ್ಲ ನೇರವಾಗಿ ಬೆನ್ನುಮೂಳೆಗೆ. ಮಿಟಿಯಾರ್‌ನ ಮುಂದಿನ ಫೋರ್ಕ್ ಕುಗ್ಗುವುದು 130 ಮಿ.ಮೀ., ಹಿಮಾಲಯನ್ 411ರದ್ದು 200. ಹೆದ್ದಾರಿಯಲ್ಲಿ ಈ ಅಂತರ ಗೊತ್ತಾಗುವುದಿಲ್ಲ, ತಿಂಥಣಿ ಬ್ರಿಜ್ ಕಡೆಯ ಒಳರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಹೋಗಿ ಇಳಿದವರ ಸೊಂಟಕ್ಕೆ ಗೊತ್ತಾಗುತ್ತದೆ. ನೇರ ಕೂತು, ಪಾದ ಸೊಂಟದ ಕೆಳಗೇ ಇದ್ದು, ಬೇಕಾದಾಗ ಎದ್ದು ನಿಲ್ಲಲು ಬರುವ ಗಾಡಿ ಹಳೆಯ ಬೆನ್ನಿಗೆ ಒಳ್ಳೆಯದು. ವಯಸ್ಸಾದವರಿಗೆ ಕ್ರೂಸರ್, ಹುಡುಗರಿಗೆ ಅಡ್ವೆಂಚರ್ ಎಂಬ ಹಂಚಿಕೆ ನಮ್ಮ ರಸ್ತೆಗಳನ್ನು ನೋಡದೆ ಮಾಡಿದ್ದು.

ಹಾಗೆಂದು ಹಿಮಾಲಯನ್ ಎಲ್ಲರಿಗೂ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. 411ರ ತೂಕ 199 ಕಿಲೊ, ಸೀಟು 800 ಮಿ.ಮೀ. 2023ರಲ್ಲಿ ಬಂದ 450ರದ್ದು 196 ಕಿಲೊ, ಸೀಟು 825. ಐದಡಿ ಮೂರಿಂಚಿನ ಮನುಷ್ಯನಿಗೆ ಅದರ ಮೇಲೆ ಕಾಲ ತುದಿಯಷ್ಟೇ ನೆಲ ಸಿಗುತ್ತದೆ, ಅವನ ವಯಸ್ಸು ಇಪ್ಪತ್ತೈದಾಗಿರಲಿ, ಅರವತ್ತೈದಾಗಿರಲಿ. ನಾನು ಒತ್ತಿ ಹೇಳುವುದು ಇದನ್ನೇ: ಹೊಂದುತ್ತದೋ ಇಲ್ಲವೋ ಎಂಬುದನ್ನು ಕಾಲಿನ ಉದ್ದ, ತೋಳಿನ ಕಸು, ಮೊಣಕಾಲು, ಕಣ್ಣು, ಅಭ್ಯಾಸ ಇವು ಹೇಳಬೇಕು. ಗಾಡಿ ನೋಡಲು ಹೋದಾಗ ಓಡಿಸಿ ನೋಡುವ ಮೊದಲು ತಳ್ಳಿ ನೋಡಿ. ಎಂಜಿನ್ ಬಂದ್ ಮಾಡಿ, ಸೀಟಿನ ಮೇಲೆ ಕೂತು, ಸ್ವಲ್ಪ ಏರು ಇರುವ ಕಡೆ ಹಿಂದಕ್ಕೆ ಹತ್ತು ಹೆಜ್ಜೆ ತಳ್ಳಿ. ಗರಸಿನ ಮೇಲೆ ಸೈಡ್ ಸ್ಟ್ಯಾಂಡಿನಿಂದ ಎತ್ತಿ ನಿಲ್ಲಿಸಿ. ಹಿಂದೆ ಬ್ಯಾಗು ಕಟ್ಟಿದ್ದಾಗ ಕಾಲು ಎತ್ತಿ ಆಚೆ ಹಾಕಲು ಬರುತ್ತದೆಯೇ ನೋಡಿ. ದೊಡ್ಡ ಗಾಡಿಗಳು ಸಾಮಾನ್ಯವಾಗಿ ಬೀಳುವುದು ನೂರರ ವೇಗದಲ್ಲಲ್ಲ. ಚಹಾ ಅಂಗಡಿ ಮುಂದೆ ನಿಲ್ಲಿಸುವಾಗ, ಇಳಿಜಾರಿನಲ್ಲಿ ತಿರುಗಿಸುವಾಗ. ಈ ಮೂರು ಪರೀಕ್ಷೆಗಳಲ್ಲಿ ಒಂದಾದರೂ ಆಗಲಿಲ್ಲವೆಂದರೆ ಹಗುರವಾದ ಬೇರೆ ಗಾಡಿ ನೋಡಿ. ಹೀರೊದ ಎಕ್ಸ್‌ಪಲ್ಸ್ 200 ಹಿಮಾಲಯನ್‌ಗಿಂತ ನಲವತ್ತು ಕಿಲೊದಷ್ಟು ಹಗುರ, ಮುಂದಿನ ಚಕ್ರವೂ 21 ಇಂಚಿನದೇ, ಆದರೆ ಸೀಟು ಎತ್ತರ. ಎತ್ತರದ ಹಿರಿಯರಿಗೆ ಅದು ಸರಿ, ಕುಳ್ಳಗಿರುವ ತರುಣನಿಗೆ ಅದು ತಪ್ಪು.

ವಯಸ್ಸು ತರುವ ನಿಜವಾದ ತೊಂದರೆಗಳಿವೆ, ಅವುಗಳ ಬಗ್ಗೆ ಮನೆಯವರು ಜಗಳವಾಡಲಿ, ನಾನು ಅವರ ಪಕ್ಷ. ಮೊದಲನೆಯದು ಕಣ್ಣು. ಪೊರೆ ಬರುತ್ತಿರುವ ಕಣ್ಣಿಗೆ ಹಗಲಿನಲ್ಲಿ ಎಲ್ಲ ಸರಿಯಾಗಿ ಕಂಡರೂ ರಾತ್ರಿ ಎದುರಿನ ಲಾರಿಯ ಬೆಳಕು ಬಿದ್ದ ಮೇಲೆ ಕೆಲವು ಕ್ಷಣ ಏನೂ ಕಾಣುವುದಿಲ್ಲ. ನಮ್ಮ ರಸ್ತೆಯಲ್ಲಿ ಆ ಕೆಲವು ಕ್ಷಣದಲ್ಲಿ ಏನಿರುತ್ತದೆ? ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ. ಎರಡೂ ಬದಿ ಉಬ್ಬಿಕೊಂಡ ಹತ್ತಿ ಲಾರಿ. ಸುಗ್ಗಿಯಲ್ಲಿ ಮಾನ್ವಿ, ಸಿಂಧನೂರಿನ ಕಡೆ ಅರ್ಧ ರಸ್ತೆಗೆ ಹರವಿದ ಭತ್ತ, ಅದರ ಅಂಚಿಗೆ ಸಾಲಾಗಿ ಇಟ್ಟ ಕಲ್ಲು. ಆ ಕಲ್ಲುಗಳನ್ನು ಕತ್ತಲಾದ ಮೇಲೂ ಅಲ್ಲೇ ಬಿಟ್ಟು ಹೋಗುತ್ತಾರೆ. ಆದ್ದರಿಂದ ಅರವತ್ತು ದಾಟಿದವರು ಹೊತ್ತು ಮುಳುಗುವ ಮೊದಲು ಊರು ಸೇರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಎರಡನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ದೇಹಕ್ಕೆ ನೀರು ಬೇಕಿದ್ದರೂ ನಾಲಿಗೆ ಹೇಳುವುದಿಲ್ಲ. ರಕ್ತದೊತ್ತಡದ ಕೆಲವು ಗುಳಿಗೆಗಳು ಮೂತ್ರ ಹೆಚ್ಚಿಸಿ ಇನ್ನಷ್ಟು ನೀರು ತೆಗೆಯುತ್ತವೆ. ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ ನಾಷ್ಟಾ ಬಿಟ್ಟು ಹೊರಟರೆ ದಾರಿಯಲ್ಲಿ ಸಕ್ಕರೆ ಇಳಿದು ತಲೆ ತಿರುಗಬಹುದು. ಇವೆಲ್ಲ ಗಾಡಿ ಬಿಡಲು ಕಾರಣಗಳಲ್ಲ, ಗಾಡಿ ಹೇಗೆ ಓಡಿಸಬೇಕು ಎನ್ನುವುದಕ್ಕೆ ನಿಯಮಗಳು: ನಸುಕಿನಲ್ಲಿ ಹೊರಡಿ, ಹತ್ತೂವರೆಗೆ ನೆರಳು ಸೇರಿ, ತಾಸಿಗೊಮ್ಮೆ ಇಳಿದು ನೀರು ಕುಡಿಯಿರಿ, ಬೇಸಿಗೆಯಲ್ಲಿ ದೂರದ ಪ್ರವಾಸ ಬೇಡ. ಹೊಲದಲ್ಲಿ ಕೂಲಿ ಮಾಡುವ ಹಿರಿಯರಿಗೆ ಇಷ್ಟು ಎಚ್ಚರಿಕೆಯನ್ನು ನಾವು ಎಂದಾದರೂ ಹೇಳಿದ್ದೇವೆಯೇ?

ಈ ಬುದ್ಧಿವಾದ ಹೇಳುವ ಮನೆಗಳಲ್ಲೇ ಇನ್ನೊಂದು ಕಡೆ ಏನು ನಡೆಯುತ್ತಿದೆ ನೋಡಿ. ಪಿಯುಸಿ ಪಾಸಾದ ಮಗನಿಗೆ, ನಿನ್ನೆ ಲೈಸೆನ್ಸ್ ಬಂದವನಿಗೆ, ಕೆಟಿಎಂ 390 ಕೊಡಿಸುತ್ತಾರೆ. ಲೈಸೆನ್ಸೇ ಬರದವನ ಕೈಗೂ ಗಾಡಿ ಕೊಡುತ್ತಾರೆ. ಅಂಥ ಪಾಲಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಸೆರೆ ಎಂದು 2019ರ ತಿದ್ದುಪಡಿಯೇ ಹೇಳಿದ್ದರೂ ಕೊಡುತ್ತಾರೆ. ಅವನಿಗೆ ಮಳೆಯಲ್ಲಿ ಎರೆಮಣ್ಣು ಡಾಂಬರಿಗೆ ಮೆತ್ತಿಕೊಂಡಾಗ ಗಾಡಿ ಹೇಗೆ ಜಾರುತ್ತದೆ ಗೊತ್ತಿಲ್ಲ. ಹತ್ತಿ ಲಾರಿ ಪಕ್ಕದಲ್ಲಿ ಹೋದಾಗ ಬರುವ ಗಾಳಿಯ ಎಳೆತ ಗೊತ್ತಿಲ್ಲ. ನಲವತ್ತು ವರ್ಷ ಇದೆಲ್ಲವನ್ನೂ ಮೈಗೂಡಿಸಿಕೊಂಡ ಅಪ್ಪ ಮಾತ್ರ ಮನೆಯಲ್ಲಿ ಕೂರಬೇಕು. ಟೂರಿಂಗ್ ಬೈಕು ಯಾವ ವಯಸ್ಸಿಗೆ ಹೊಂದುವುದಿಲ್ಲ ಎಂದು ನನ್ನನ್ನು ಕೇಳಿದರೆ, ಹದಿನೆಂಟರಿಂದ ಇಪ್ಪತ್ತೆರಡರ ನಡುವೆ, ಅನುಭವ ಇಲ್ಲದವರಿಗೆ ಎಂದೇ ಹೇಳುತ್ತೇನೆ.

ಹಿರಿಯರ ದೇಹ ದೂರದ ಪ್ರಯಾಣ ತಡೆದುಕೊಳ್ಳುವುದಿಲ್ಲ ಎನ್ನುವವರಿಗೆ ಎರಡು ಸಂಗತಿ. 1973ರಲ್ಲಿ ಟ್ರಯಂಫ್ ಬೈಕಿನಲ್ಲಿ ಹೊರಟು ನಾಲ್ಕು ವರ್ಷ ಜಗತ್ತು ಸುತ್ತಿ, ಭಾರತದಲ್ಲೂ ತಿರುಗಿದ್ದ ಬ್ರಿಟಿಷ್ ಲೇಖಕ ಟೆಡ್ ಸೈಮನ್ 2001ರಲ್ಲಿ ಅದೇ ದಾರಿಗೆ ಎರಡನೇ ಸಲ ಬೈಕ್ ಏರಿದಾಗ ಅವರಿಗೆ 69 ವರ್ಷ. ಇನ್ನೊಂದು ನಮ್ಮ ಮೈಸೂರಿನದು. ದಕ್ಷಿಣಾಮೂರ್ತಿ ಕೃಷ್ಣಕುಮಾರ್ ತಮ್ಮ ತಾಯಿ ಚೂಡಾರತ್ನ ಅವರನ್ನು ತಂದೆ ಕೊಡಿಸಿದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ಕೂರಿಸಿಕೊಂಡು 2018ರ ಜನವರಿಯಲ್ಲಿ ತೀರ್ಥಯಾತ್ರೆಗೆ ಹೊರಟರು. ತಾಯಿಗೆ ಆಗ ಸುಮಾರು ಎಪ್ಪತ್ತು. ಮನೆಯ ಕೆಲಸದಲ್ಲೇ ಆಯುಷ್ಯ ಕಳೆದು ಹತ್ತಿರದ ಬೇಲೂರು, ಹಳೇಬೀಡನ್ನೂ ನೋಡಿರದ ಆ ತಾಯಿ 50 ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಆ ಸೀಟಿನ ಮೇಲೆ ಕೂತು ದೇಶ ನೋಡಿದರು. ಎಪ್ಪತ್ತರ ತಾಯಿ ಪುಟ್ಟ ಚಕ್ರದ ಚೇತಕ್ ಮೇಲೆ ಇಷ್ಟು ದೂರ ಹೋಗಿ ಬಂದದ್ದನ್ನು ನಾವೆಲ್ಲ ಮೆಚ್ಚಿಕೊಂಡೆವು. ಮಗನ ಸೇವೆ ಎಂದು ಮೆಚ್ಚಿಕೊಂಡೆವು. ಆ ತಾಯಿಯ ಗಟ್ಟಿತನವನ್ನು ಎಷ್ಟು ಜನ ಗಮನಿಸಿದರು?

ಹೆಣ್ಣುಮಕ್ಕಳ ವಿಷಯದಲ್ಲಿ ಈ ತೀರ್ಪು ಇನ್ನೂ ಬೇಗ ಬೀಳುತ್ತದೆ. ಗಂಡಸರಿಗೆ ಅರವತ್ತಕ್ಕೆ ಹೇಳುವುದನ್ನು ಅವರಿಗೆ ನಲವತ್ತಕ್ಕೇ ಹೇಳುತ್ತಾರೆ. ಸ್ಕೂಟಿಯಲ್ಲಿ ಹಳ್ಳಿ ಶಾಲೆಗೆ ದಿನವೂ ಹೋಗಿ ಬರುವ ಐವತ್ತರ ಶಿಕ್ಷಕಿಯರು ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಊರುಗಳಲ್ಲಿ ಇದ್ದಾರೆ. ಕೆಲಸಕ್ಕೆ ಹೋಗುವ ದಾರಿ ಅವರದ್ದು, ಅದರಾಚೆ ಒಂದು ಹೆಜ್ಜೆ ಹೋದರೆ ಪ್ರಶ್ನೆ.

‘ಜನ ಏನಂದಾರು’ ಎಂಬ ಕೊನೆಯ ಅಸ್ತ್ರ ಉಳಿದಿದೆ. ವಯಸ್ಸಾದ ಮೇಲೆ ಮನೆಯಲ್ಲಿರುವುದೇ ನಮ್ಮ ಸಂಪ್ರದಾಯ ಎಂದು ಹೇಳುವವರು ಈ ನೆಲದ ಸಂಪ್ರದಾಯ ತಿಳಿದಿಲ್ಲ. ವಿಜಯದಾಸರು ಇದೇ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಿಂದ ಕಾಶಿಯವರೆಗೆ ಹೋದವರು. ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿ ಕಡೆಯ ಬ್ಯಾಗವಾಟದವರು. ತಿರುಗುವುದನ್ನೇ ಬದುಕಿನ ರೀತಿ ಮಾಡಿಕೊಂಡ ದಾಸರ ಸೀಮೆ ಇದು. ಕಾಶಿ, ರಾಮೇಶ್ವರಕ್ಕೆ ಹೊರಡುವುದು ನಮ್ಮಲ್ಲಿ ಯಾವಾಗಲೂ ಸಂಸಾರದ ಜವಾಬ್ದಾರಿ ಇಳಿದ ಮೇಲೆಯೇ, ಅಂದರೆ ವಯಸ್ಸಾದ ಮೇಲೆಯೇ. ಪಂಢರಪುರಕ್ಕೆ ನಡೆದು ಹೋಗುವ, ಶ್ರೀಶೈಲಕ್ಕೆ ಯುಗಾದಿಯ ಬಿಸಿಲಿನಲ್ಲಿ ಪಾದಯಾತ್ರೆ ಮಾಡುವ ಎಪ್ಪತ್ತರ ಅಜ್ಜಂದಿರಿಗೆ ದಾರಿಯುದ್ದಕ್ಕೂ ಮಜ್ಜಿಗೆ ಕೊಟ್ಟು ಕೈಮುಗಿಯುವ ಜನ ನಾವು. ಅದೇ ಅಜ್ಜ ಹೆಲ್ಮೆಟ್ ಹಾಕಿಕೊಂಡು ಗಾಡಿ ಮೇಲೆ ಮಂತ್ರಾಲಯಕ್ಕೆ ಹೊರಟರೆ ನಗುವುದು ಏಕೆ?

ರಾಯಚೂರು, ದೇವದುರ್ಗ, ಮಾನ್ವಿಯ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಅಪ್ಪ ಗಾಡಿಯ ಮಾತೆತ್ತಿದಾಗ ಬೇಡ ಎನ್ನುವ ಮೊದಲು ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಕ್ಕರೆ, ಒತ್ತಡ ಪರೀಕ್ಷೆ ಮಾಡಿಸಿ, ಲೈಸೆನ್ಸ್ ನವೀಕರಣವಾಗಿದೆಯೇ ನೋಡಿ. ಷೋರೂಮಿಗೆ ಜೊತೆಯಲ್ಲೇ ಹೋಗಿ, ಅವರು ಗಾಡಿ ತಳ್ಳುವುದನ್ನು ಪಕ್ಕದಲ್ಲಿ ನಿಂತು ನೋಡಿ. ಐಎಸ್ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಕೊಡಿಸಿ, ಯೂರಿಯಾ ತರಲು ಹೋಗುವಾಗಲೂ ಅದನ್ನು ಹಾಕಿಕೊಳ್ಳಲು ಹೇಳಿ. ಇಷ್ಟಾದ ಮೇಲೂ ಬೇಡ ಎನ್ನಲು ನಿಮ್ಮಲ್ಲಿ ಕಾರಣ ಉಳಿದಿದ್ದರೆ ಎದುರಿಗೆ ಕೂತು ಆ ಕಾರಣವನ್ನು ಹೇಳಿ. ವಯಸ್ಸನ್ನು ಹೇಳಬೇಡಿ.